ಕಂದು ಪಾಚಿಗೆ ನೆರೈಟ್ ಬಸವನಹುಳು: ಐದು ತಿಂಗಳು ಸಾಕಿ ನೋಡಿದ ಮೇಲೆ

ಅಕ್ವೇರಿಯಂ ಗಿಡಗಳ ಮೇಲೆ ಕಂದು ಪಾಚಿ ಕೂತು ತಲೆ ಕೆಟ್ಟಿರೋರಿಗೆ ಇದನ್ನ ಬರೀತಿರೋದು. ಫೆಬ್ರವರಿ ಮೊದಲ ವಾರ ಪಾಚಿ ತಿನ್ನೋ ಆರು ನೆರೈಟ್ ಬಸವನಹುಳು ತಂದ್ವಿ, ಒಂದಕ್ಕೆ 60 ರೂಪಾಯಿ, ಒಟ್ಟು 360. ಈಗ ಜುಲೈ. ಆರರಲ್ಲಿ ಐದು ಬದುಕಿವೆ, ಗಿಡ ಹಸಿರಾಗಿದೆ, ಎಲೆ ಮೇಲೆ ಬೆರಳಿಟ್ಟು ಉಜ್ಜಿದ್ರೆ ಬೆರಳಿಗೆ ಏನೂ ಹತ್ತಲ್ಲ. ನನ್ನ ಲೆಕ್ಕದಲ್ಲಿ ಈ ಹುಳಕ್ಕೆ 5ಕ್ಕೆ 4 ಮಾರ್ಕು. ಒಂದು ಮಾರ್ಕು ಕಡಿಮೆ ಯಾಕೆ ಅಂತ ಮುಂದೆ ಹೇಳ್ತೀನಿ, ಅದನ್ನ ಓದದೆ ಮಾತ್ರ ತಗೋಬೇಡಿ, ಯಾಕಂದ್ರೆ ನಮ್ಮ ಶಿವಮೊಗ್ಗದ ನೀರಲ್ಲಿ ಈ ಹುಳು ಸಾಕೋಕೆ ಒಂದು ವಿಷಯ ಗೊತ್ತಿರಲೇಬೇಕು.

ನಮ್ಮನೆ ಇರೋದು ವಿನೋಬನಗರದಲ್ಲಿ. ಟ್ಯಾಂಕು 2 ಅಡಿ ಉದ್ದ, 1 ಅಡಿ ಅಗಲ, ಒಂದೂವರೆ ಅಡಿ ಎತ್ತರ, ಸುಮಾರು 80 ಲೀಟರ್ ನೀರು ಹಿಡಿಯತ್ತೆ. ಮಗ ಏಳನೇ ಕ್ಲಾಸು, ಎರಡು ವರ್ಷದಿಂದ ಕೇಳ್ತಾ ಇದ್ದ, ನವೆಂಬರ್ ಕೊನೆಗೆ ಕೊಡಿಸಿದ್ವಿ. ಗಿಡ ಅಂದ್ರೆ ಅನುಬಿಯಾಸ್, ಜಾವಾ ಫರ್ನ್, ಒಂದು ಅಮೆಜಾನ್ ಸ್ವೋರ್ಡ್, ಹಿಂದೆ ಸಾಲಾಗಿ ವ್ಯಾಲಿಸ್ನೇರಿಯಾ, ಮಧ್ಯೆ ಒಂದು ಮರದ ಬೇರು. ಮೀನು ಅಂದ್ರೆ ಎಂಟು ನಿಯಾನ್ ಟೆಟ್ರಾ, ಒಂದಿಷ್ಟು ಗಪ್ಪಿ, ಆಮೇಲೆ ಹತ್ತು ಚೆರ್ರಿ ಸೀಗಡಿ. ಮೊದಲ ಎರಡು ವಾರ ಎಷ್ಟು ಚಂದ ಇತ್ತು ಅಂದ್ರೆ ರಾತ್ರಿ ಊಟ ಆದ್ಮೇಲೆ ಟಿವಿ ಬಿಟ್ಟು ಎಲ್ಲರೂ ಅದರ ಮುಂದೇನೇ ಕೂರ್ತಿದ್ವಿ.

ಮೂರನೇ ವಾರ ಕಂದು ಪಾಚಿ ಶುರುವಾಯ್ತು. ಮೊದ್ಲು ನಾನು ಕೊಳೆ ಅಂದ್ಕೊಂಡೆ, ಮೀನಿನ ಊಟ ಜಾಸ್ತಿ ಹಾಕಿ ಎಲೆ ಮೇಲೆ ಕೂತಿದೆ ಅಂತ. ಅನುಬಿಯಾಸ್ ಎಲೆ ಮೇಲೆ ಕೋಕೋ ಪುಡಿ ಉದುರಿಸಿದ ಹಾಗೆ, ಒಂದು ವಾರದಲ್ಲಿ ಆ ಪುಡಿ ಪದರ ಆಯ್ತು, ಗಾಜಿನ ಕೆಳಭಾಗ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗ್ತು, ಬಿಳಿ ಮರಳು ಕಂದಾಯ್ತು, ವ್ಯಾಲಿಸ್ನೇರಿಯಾದ ಉದ್ದುದ್ದ ಎಲೆಗಳು ನೀರಲ್ಲಿ ನೆನೆದ ಅಡಿಕೆ ಹಾಳೆ ತರ ಕಾಣ್ತಿದ್ವು. ಒರೆಸಿದ್ರೆ ಸುಲಭವಾಗಿ ಹೋಗತ್ತೆ, ಕಂದು ಮೋಡದ ತರ ಎದ್ದು ನೀರಲ್ಲಿ ತೇಲತ್ತೆ, ಮೂರು ದಿನ ಬಿಟ್ಟು ನೋಡಿದ್ರೆ ಮತ್ತೆ ಅಲ್ಲೇ.

ಇದು ಯಾವ ಪಾಚಿ ಅಂತ ಮೊದ್ಲು ಗುರುತು ಹಿಡೀಬೇಕು, ಇಲ್ಲಿ ತಪ್ಪಿದ್ರೆ ಮುಂದೆಲ್ಲಾ ತಪ್ಪತ್ತೆ. ಬೆರಳಲ್ಲಿ ಉಜ್ಜಿದ ತಕ್ಷಣ ಪುಡಿಪುಡಿಯಾಗಿ, ಸ್ವಲ್ಪ ಲೋಳೆಯಾಗಿ ಬಿಟ್ಟು ಬಂದ್ರೆ ಅದು ಡಯಾಟಮ್. ಎಲೆ ಅಂಚಲ್ಲಿ ಕಪ್ಪು ಕೂದಲು, ಗಡ್ಡದ ತರ ಗಟ್ಟಿಯಾಗಿ ಕಚ್ಕೊಂಡಿದ್ರೆ ಅದು ಬೇರೆ, ಕೆಂಪು ಪಾಚಿ ಜಾತಿ, ಬಣ್ಣ ಮಾತ್ರ ಕಪ್ಪು, ಅದಕ್ಕೆ ನೆರೈಟ್ ಪ್ರಯೋಜನ ಇಲ್ಲ. ನೀಲಿ ಹಸಿರು ಬಣ್ಣದ ಹಾಳೆ ತರ ಎದ್ದು ಬಂದು ಕೆಟ್ಟ ವಾಸನೆ ಹೊಡೆದ್ರೆ ಅದು ಪಾಚಿನೇ ಅಲ್ಲ, ಸಯನೋಬ್ಯಾಕ್ಟೀರಿಯಾ. ಮರದ ಬೇರಿಂದ ನೀರು ಚಹಾ ಬಣ್ಣ ಆಗೋದೂ ಬೇರೆ, ಅದು ಟ್ಯಾನಿನ್, ಅದರಿಂದ ತೊಂದ್ರೆ ಇಲ್ಲ.

ಡಯಾಟಮ್ ಅಂದ್ರೆ ಒಂದೇ ಜೀವಕೋಶದ ಪಾಚಿ, ಕಣ್ಣಿಗೆ ಒಂದೊಂದಾಗಿ ಕಾಣಲ್ಲ. ಅದರ ವಿಶೇಷ ಏನಂದ್ರೆ ಮೈಸುತ್ತ ಸಿಲಿಕಾದ ಚಿಪ್ಪು ಕಟ್ಕೊಳತ್ತೆ, ಗಾಜಿನ ಡಬ್ಬಿಯೊಳಗೆ ಕೂತ ಹಾಗೆ. ಹಸಿರು ಬಣ್ಣ ಅದರಲ್ಲೂ ಇದೆ, ಆದ್ರೆ ಫ್ಯೂಕೋಕ್ಸಾಂಥಿನ್ ಅನ್ನೋ ಇನ್ನೊಂದು ಬಣ್ಣ ಮೇಲುಗೈ ಆಗಿ ಕಂದಾಗಿ ಕಾಣತ್ತೆ. ಬೇಸಿಗೆಲಿ ತುಂಗೆ ನೀರು ಇಳಿದಾಗ ಕಲ್ಲಿನ ಮೇಲೆ ಕಾಲಿಟ್ರೆ ಜಾರತ್ತಲ್ಲ, ಆ ಕಂದು ಲೋಳೆಲಿ ಇದೇ ಜಾತಿಯವು ರಾಶಿ ರಾಶಿ ಇರ್ತವೆ. ಹೊಳೆಲಿ ಅದು ಮೀನಿಗೆ, ಹುಳಕ್ಕೆ ಊಟ. ಅಂದ್ರೆ ಇದು ರೋಗ ಅಲ್ಲ, ವಿಷ ಅಲ್ಲ, ಮೀನಿಗೆ ಏನೂ ಮಾಡಲ್ಲ. ಗಿಡಕ್ಕೆ ಮಾತ್ರ ಬೆಳಕು ತಡೆಯತ್ತೆ, ಅದರಲ್ಲೂ ಅನುಬಿಯಾಸ್ ತರ ತಿಂಗಳಿಗೆ ಒಂದೋ ಎರಡೋ ಎಲೆ ಬಿಡೋ ಗಿಡಕ್ಕೆ, ಒಂದೇ ಎಲೆ ವರ್ಷಗಟ್ಟಲೆ ಇರೋದ್ರಿಂದ ಅದರ ಮೇಲೆ ಕೂತದ್ದು ಕೂತೇ ಇರತ್ತೆ.

ಇಷ್ಟೆಲ್ಲಾ ನನಗೆ ಆಗ ಗೊತ್ತಿರ್ಲಿಲ್ಲ. ಅದಕ್ಕೇ ಜನವರಿಲಿ ಆನ್‌ಲೈನಲ್ಲಿ ಒಂದು ಬಾಟ್ಲಿ ತರಿಸಿದೆ, ಪಾಚಿ ತೆಗೆಯೋ ದ್ರಾವಣ ಅಂತ. ಹೆಸರು ಬೇಡ, ಅದೇ ಗ್ಲುಟರಾಲ್ಡಿಹೈಡ್ ಇರೋ ದ್ರಾವಣ, ಲಿಕ್ವಿಡ್ ಕಾರ್ಬನ್ ಅಂತಾನೂ ಮಾರ್ತಾರೆ. ಬಾಟ್ಲಿ ಮೇಲೆ ಬರೆದಿದ್ದಷ್ಟೇ ಹಾಕಿದೆ, ನಾಲ್ಕು ದಿನ ಆದ್ರೂ ಪಾಚಿ ಅಲ್ಲಾಡ್ಲಿಲ್ಲ ಅಂತ ಐದನೇ ದಿನ ಎರಡರಷ್ಟು ಹಾಕ್ಬಿಟ್ಟೆ. ಮಾರನೇ ದಿನ ಬೆಳಿಗ್ಗೆ ನೋಡಿದ್ರೆ ನಾಲ್ಕು ಸೀಗಡಿ ಕೆಂಪಗೆ ಮರಳ ಮೇಲೆ ಬಿದ್ದಿದ್ವು. ಮಗ ಸ್ಕೂಲಿಗೆ ಹೋಗೋ ಹೊತ್ತು, ಯೂನಿಫಾರ್ಮ್ ಹಾಕ್ಕೊಂಡು ಟ್ಯಾಂಕ್ ಮುಂದೆ ಸುಮ್ನೆ ನಿಂತಿದ್ದ, ಏನೂ ಮಾತಾಡ್ಲಿಲ್ಲ. ಆ ವಾರದೊಳಗೆ ವ್ಯಾಲಿಸ್ನೇರಿಯಾ ಎಲೆ ಕರಗಿ ಲೋಳೆಯಾಗಿ ಕಿತ್ಕೊಂಡು ಬಂತು. ಆಮೇಲೆ ತಿಳೀತು, ಈ ಗಿಡಕ್ಕೆ ಆ ರಾಸಾಯನಿಕ ಆಗಲ್ಲ, ಸೀಗಡಿಗೂ ಜಾಸ್ತಿಯಾದ್ರೆ ಆಗಲ್ಲ ಅಂತ. ಪಾಚಿ ಕೊಲ್ಲೋ ಕೆಲವು ಔಷಧಿಲಿ ತಾಮ್ರ ಇರತ್ತೆ, ಅದಂತೂ ಸೀಗಡಿಗೂ ಬಸವನಹುಳಕ್ಕೂ ವಿಷ. ಮನೇಲಿ ಇವೆರಡರಲ್ಲಿ ಯಾವುದಿದ್ರೂ ಬಾಟ್ಲಿ ಕೊಳ್ಳೋ ಮುಂಚೆ ಹಿಂದೆ ತಿರುಗಿಸಿ ಅದರಲ್ಲಿ ಏನೇನಿದೆ ಅಂತ ಓದಿ, ದಯವಿಟ್ಟು.

ಆಮೇಲೆ ಇನ್ನೊಂದು ಅಂಗಡಿಲಿ ಸಕ್ಕರ್ ಮೀನು ತಗೊಂಡು ಹೋಗಿ, ಎಲ್ಲಾ ತಿಂದು ಕ್ಲೀನ್ ಮಾಡತ್ತೆ ಅಂದ್ರು. ಎರಡಿಂಚಿನ ಮರಿ, ನೋಡೋಕೆ ಮುದ್ದಾಗಿತ್ತು. ಪುಣ್ಯಕ್ಕೆ ತಗೊಳ್ಲಿಲ್ಲ. ಅದು ಬೆಳೆದ್ರೆ ಒಂದಡಿ ದಾಟತ್ತೆ, 2 ಅಡಿ ಟ್ಯಾಂಕಲ್ಲಿ ತಿರುಗೋಕೂ ಜಾಗ ಸಾಲಲ್ಲ, ಗಿಡ ಎಲ್ಲಾ ಕೀಳತ್ತೆ, ಹಿಕ್ಕೆ ಹಾಕೋದೂ ಅಷ್ಟೇ ಜಾಸ್ತಿ. ಸಾಕೋಕಾಗದೆ ಜನ ಅದನ್ನ ಕೆರೆಗೆ, ಹೊಳೆಗೆ ಬಿಡ್ತಾರೆ. ಅದು ದಕ್ಷಿಣ ಅಮೆರಿಕದ ಮೀನು, ನಮ್ಮ ದೇಶದ ಎಷ್ಟೋ ನೀರಲ್ಲಿ ಈಗಾಗಲೇ ಸೇರ್ಕೊಂಡು ಊರಿನ ಮೀನಿಗೆ ಕಷ್ಟ ಕೊಡ್ತಿದೆ. ತೀರ್ಥಹಳ್ಳಿ ಹತ್ರ ಚಿಪ್ಪಲಗುಡ್ಡೆ ಮತ್ಸ್ಯಧಾಮ ನೋಡಿದೋರಿಗೆ ನಾನು ಬಿಡಿಸಿ ಹೇಳ್ಬೇಕಾಗಿಲ್ಲ, ಅಷ್ಟು ಮೀನು ನೆಮ್ಮದಿಯಾಗಿರೋ ತುಂಗೆಗೆ ಇಂಥದ್ದೊಂದನ್ನ ತಂದು ಬಿಡೋದು ದೊಡ್ಡ ತಪ್ಪು. ಟ್ಯಾಂಕಿಂದು ಯಾವುದನ್ನೂ ಹೊಳೆಗೆ ಬಿಡಬೇಡಿ. ಮೀನಿಲ್ಲ, ಹುಳ ಇಲ್ಲ, ಗಿಡದ ತುಂಡೂ ಬೇಡ.

ಕೊನೆಗೆ ಹೋಗಿದ್ದು ದುರ್ಗಿಗುಡಿ ಕಡೆ ಒಂದು ಅಡ್ಡರಸ್ತೆಲಿ ಇರೋ ಪುಟ್ಟ ಅಂಗಡಿಗೆ. ಬೋರ್ಡೂ ಸರಿಯಾಗಿ ಕಾಣಲ್ಲ, ಹೊರಗೆ ಪಕ್ಷಿ ಪಂಜರ ನೇತಾಕಿರ್ತಾರೆ. ಅಲ್ಲಿ ಅಣ್ಣನ ಹತ್ರ ಮೊಬೈಲಲ್ಲಿ ಫೋಟೋ ತೋರಿಸಿ, ಇದಕ್ಕೆ ಒಳ್ಳೆ ಔಷಧಿ ಕೊಡಿ ಅಂದೆ. ಅವರು ಫೋಟೋ ದೊಡ್ಡದು ಮಾಡಿ ನೋಡಿ, "ಅಕ್ಕ, ಔಷಧಿ ಇರ್ಲಿ, ನೀರು ಯಾವುದು ಹಾಕ್ತೀರಿ ಹೇಳಿ ಮೊದ್ಲು, ಬೋರಾ, ನಲ್ಲಿದಾ?" ಅಂತ ಕೇಳಿದ್ರು. ಎರಡು ತಿಂಗಳಲ್ಲಿ ಈ ಪ್ರಶ್ನೆ ಕೇಳಿದ ಮೊದಲನೇ ಮನುಷ್ಯ ಅವರು. ನಮ್ಮನೇಲಿ ಮೇಲಿನ ಟ್ಯಾಂಕಿಗೆ ಬೋರ್‌ವೆಲ್ ನೀರು, ಕಾರ್ಪೊರೇಷನ್ ತುಂಗಾ ನೀರು ಸಂಪಿಗೆ ಬಂದು ಅಡುಗೆಗೆ, ಕುಡಿಯೋಕೆ ಮಾತ್ರ. ಅಕ್ವೇರಿಯಂಗೆ ಬಚ್ಚಲಿನ ನಲ್ಲಿಗೆ ಪೈಪ್ ಹಾಕಿ ತುಂಬಿಸ್ತಿದ್ವಿ, ಅಂದ್ರೆ ಪೂರ್ತಿ ಬೋರ್ ನೀರು.

ಅಲ್ಲೇ ಇತ್ತು ವಿಷಯ. ಬೋರ್ ನೀರು ಬಂಡೆ ಸಂದಿಲಿ ವರ್ಷಾನುಗಟ್ಟಲೆ ನಿಂತಿರೋದು, ಕಲ್ಲಿಂದ ಸಿಲಿಕಾ ಕರಗಿ ಅದರಲ್ಲಿ ಸೇರ್ಕೊಂಡಿರತ್ತೆ, ಹರಿಯೋ ಹೊಳೆ ನೀರಿಗಿಂತ ಸಾಮಾನ್ಯವಾಗಿ ಜಾಸ್ತಿನೇ. ಡಯಾಟಮ್‌ಗೆ ಚಿಪ್ಪು ಕಟ್ಟೋಕೆ ಬೇಕಿರೋದು ಅದೇ. ನಾನು ವಾರ ವಾರ ಶ್ರದ್ಧೆಯಿಂದ ಪಾಚಿ ಒರೆಸಿ, ಅರ್ಧ ನೀರು ತೆಗೆದು, ಮತ್ತೆ ಬೋರ್ ನೀರು ತುಂಬಿಸಿ ಅದಕ್ಕೆ ಹೊಸ ಊಟ ಬಡಿಸ್ತಿದ್ದೆ. ಅದರ ಜೊತೆ ಹೊಸ ಟ್ಯಾಂಕಲ್ಲಿ ಅಮೋನಿಯಾ, ನೈಟ್ರೇಟ್, ಫಾಸ್ಫೇಟ್ ಎಲ್ಲಾ ಏರಿಳಿತ ಇರತ್ತೆ, ಫಿಲ್ಟರ್‌ಲಿ ಒಳ್ಳೆ ಬ್ಯಾಕ್ಟೀರಿಯಾ ಇನ್ನೂ ಕೂತಿರಲ್ಲ, ಗಿಡ ಬೇರು ಬಿಟ್ಟಿರಲ್ಲ, ಆ ಖಾಲಿ ಜಾಗಕ್ಕೆ ಮೊದ್ಲು ನುಗ್ಗೋದು ಈ ಕಂದು ಪಾಚಿ. ಮರಳಿಂದ ಬರತ್ತೆ ಅಂತ ತುಂಬಾ ಜನ ಹೇಳ್ತಾರೆ, ಮರಳಲ್ಲೂ ಸಿಲಿಕಾ ಇರೋದು ನಿಜ, ಆದ್ರೆ ಅದು ಹರಳಾಗಿರೋದು, ನೀರಲ್ಲಿ ಕರಗೋದು ಬಹಳ ಬಹಳ ನಿಧಾನ. ಮರಳು ಪೂರ್ತಿ ತೆಗೆದು ಹೊಸದು ಹಾಕ್ಬೇಕು ಅಂತ ನಾನೂ ಹೊರಟಿದ್ದೆ, ಅಣ್ಣ ಬೇಡ ಅಂದಿದ್ರಿಂದ ಗಿಡದ ಬೇರು ಉಳೀತು.

ಸಿಲಿಕೇಟ್, ಅಂದ್ರೆ ನೀರಲ್ಲಿ ಕರಗಿರೋ ಸಿಲಿಕಾ, ಅದನ್ನ ಹೀರೋ ಮೀಡಿಯಾನೂ ಸಿಗತ್ತೆ, ಸೀಕೆಮ್ ಕಂಪನಿಯ ಫಾಸ್‌ಗಾರ್ಡ್ ಅಂತ, ಬಿಳಿ ಬಿಳಿ ಗುಂಡು, ಫಿಲ್ಟರ್ ಒಳಗೆ ಚೀಲದಲ್ಲಿ ಇಡೋದು. ಅದು ಫಾಸ್ಫೇಟ್, ಸಿಲಿಕೇಟ್ ಎರಡನ್ನೂ ಎಳ್ಕೊಳತ್ತೆ, ಕೆಲಸ ಮಾಡತ್ತೆ, ಆದ್ರೆ ಗಿಡಕ್ಕೂ ಫಾಸ್ಫೇಟ್ ಬೇಕಲ್ಲ. ಬೋರ್ ನೀರು ಬಿಟ್ಟು ಬೇರೆ ಗತಿನೇ ಇಲ್ಲದೋರು ಅದರ ಬಗ್ಗೆ ಯೋಚನೆ ಮಾಡಬಹುದು, ನಮಗೆ ಸಂಪಲ್ಲಿ ತುಂಗೆ ಇರುವಾಗ ಯಾಕೆ.

ಅಣ್ಣ ಹೇಳಿದ್ದಿಷ್ಟು: ಕಾರ್ಪೊರೇಷನ್ ನಲ್ಲಿ ನೀರು ಹಾಕಿ, ಅದರಲ್ಲಿ ಕ್ಲೋರಿನ್ ಇರತ್ತೆ, ಬಕೆಟ್‌ಗೇ ಆಂಟಿ ಕ್ಲೋರಿನ್ ಹನಿ ಹಾಕಿ ಆಮೇಲೆ ಸುರೀರಿ, ವಾರಕ್ಕೆ ಕಾಲು ಭಾಗಕ್ಕಿಂತ ಜಾಸ್ತಿ ಬದಲಾಯಿಸಬೇಡಿ, ಲೈಟ್ ಏಳು ಗಂಟೆ ಸಾಕು, ಫಿಲ್ಟರ್ ಸ್ಪಂಜು ನಲ್ಲಿ ಕೆಳಗೆ ತೊಳೀಬೇಡಿ, ಟ್ಯಾಂಕಿಂದ ತೆಗೆದ ನೀರಲ್ಲೇ ಹಿಂಡಿ. ಆಮೇಲೆ ಒಳಗಿಂದ ಒಂದು ಸ್ಟೀಲ್ ಬೌಲಲ್ಲಿ ಈ ಹುಳು ತಂದು ತೋರಿಸಿದ್ರು. ಬಟಾಣಿಗಿಂತ ಸ್ವಲ್ಪ ದೊಡ್ಡದು, ಹಳದಿ ಕಪ್ಪು ಪಟ್ಟೆ, ಒಂದಂತೂ ಜೀಬ್ರಾ ತರ, ಇನ್ನೊಂದಕ್ಕೆ ಮೇಲೆ ಪುಟ್ಟ ಪುಟ್ಟ ಕೊಂಬು. ಆರು ಸಾಕು, ಜಾಸ್ತಿ ಬೇಡ, ಊಟ ಸಾಲಲ್ಲ ಅಂದ್ರು. ನಾನು ಹತ್ತು ಕೇಳಿದ್ದೆ, ಮಾರೋ ಮನುಷ್ಯನೇ ಕಡಿಮೆ ತಗೊಳ್ಳಿ ಅಂದ್ರೆ ನಂಬಿಕೆ ಬರದೇ ಇರತ್ತಾ.

ಮನೆಗೆ ತಂದಾಗ ಅತ್ತೆ ನೋಡಿ ಗಾಬರಿ ಬಿದ್ರು. ಅವರದ್ದು ತೀರ್ಥಹಳ್ಳಿ ಕಡೆ ತೋಟ. "ಅಲ್ಲ ಮಾರಾಯ್ತಿ, ಮಳೆಗಾಲ ಬಂದ್ರೆ ತೋಟದಾಗೆ ಬಸವನಹುಳ ಹೆಕ್ಕಿ ಹೆಕ್ಕಿ ಸಾಕಾಗಿದೆ, ನೀವು ದುಡ್ಡು ಕೊಟ್ಟು ತಂದ್ರನಾ" ಅಂತ. ಅವರ ಭಯಕ್ಕೆ ಕಾರಣ ಇದೆ, ಆಫ್ರಿಕನ್ ಬಸವನಹುಳು ಅಡಿಕೆ ತೋಟದಲ್ಲಿ ಮಾಡೋ ಹಾವಳಿ ಕಂಡೋರು ಅವರು. ಆದ್ರೆ ನೆರೈಟ್ ಹಾಗಲ್ಲ. ಗಿಡ ತಿನ್ನಲ್ಲ, ಎಲೆ ಮೇಲಿನ ಪಾಚಿ ಮಾತ್ರ ಕೆರೆದು ತಿನ್ನತ್ತೆ. ಸಿಹಿ ನೀರಲ್ಲಿ ಮರಿನೂ ಆಗಲ್ಲ, ಮೊಟ್ಟೆ ಇಡತ್ತೆ, ಆದ್ರೆ ಅದರ ಮರಿ ಬದುಕೋಕೆ ಉಪ್ಪು ನೀರಿನ ಅಂಶ ಬೇಕು, ಹೊಳೆ ಸಮುದ್ರ ಸೇರೋ ಅಳಿವೆ ತರದ ಜಾಗ. ಹಾಗಾಗಿ ಆರು ತಂದ್ರೆ ಆರೇ, ಅರವತ್ತಾಗೋ ಭಯ ಇಲ್ಲ.

ಮೊದಲನೇ ದಿನ ಬಿಟ್ಟಾಗ ಒಂದೂ ಅಲ್ಲಾಡ್ಲಿಲ್ಲ, ಸತ್ತೋಯ್ತೇನೋ ಅಂತ ಮಗ ಹತ್ತು ಸಲ ಎದ್ದು ನೋಡಿದ. ರಾತ್ರಿ ಎಂಟೂವರೆಗೆ ಒಂದು ಮೆಲ್ಲಗೆ ಬಾಗಿಲು ತೆಗೆದ ಹಾಗೆ ಚಿಪ್ಪಿನ ಮುಚ್ಚಳ ಸರಿಸಿ ಹೊರಗೆ ಬಂತು. ಗಾಜಿನ ಮೇಲೆ ಹತ್ತಿದಾಗ ಅದರ ಹೊಟ್ಟೆ ಕಡೆ ನಮಗೆ ಕಾಣತ್ತೆ, ಬಾಯಿ ಒಂದು ಸಣ್ಣ ಸೀಳು, ಅದು ತೆರೆದು ಮುಚ್ಚಿ, ತೆರೆದು ಮುಚ್ಚಿ, ಪ್ರತಿ ಸಲ ನಾಲಿಗೆ ತರದ್ದು ಹೊರಗೆ ಬಂದು ಗಾಜನ್ನ ನೆಕ್ಕಿ ಒಳಗೆ ಹೋಗತ್ತೆ. ಆ ನಾಲಿಗೆ ಮೇಲೆ ಸಣ್ಣ ಸಣ್ಣ ಹಲ್ಲಿನ ಸಾಲಿರತ್ತೆ, ಕಾಯಿ ತುರಿಯೋ ತುರಿಮಣೆ ಹಲ್ಲಿನ ಹಾಗೆ. ತಲೆ ಎಡಕ್ಕೆ ಒಂದ್ಸಲ ಬಲಕ್ಕೆ ಒಂದ್ಸಲ ಆಡಿಸ್ಕೊಂಡು ಮುಂದೆ ಹೋಗೋದ್ರಿಂದ ಅದು ಹೋದ ದಾರಿ ಕಂದು ಪದರದ ಮೇಲೆ ಹಾವಿನ ಹಾಗೆ ಸೊಟ್ಟಸೊಟ್ಟವಾಗಿ ಬೆಳ್ಳಗೆ ಕಾಣ್ತಿತ್ತು. ಬೆಳಿಗ್ಗೆ ಎದ್ದು ನೋಡಿದ್ರೆ ಗಾಜಿನ ತುಂಬ ರಂಗೋಲಿ ಎಳೆದ ಹಾಗೆ ಗೆರೆಗಳು. ನಾಲ್ಕನೇ ದಿನಕ್ಕೆ ಗಾಜು ಪೂರ್ತಿ ಕ್ಲೀನು. ಅನುಬಿಯಾಸ್ ಎಲೆಗೆ ಒಂದು ವಾರ ಹಿಡೀತು, ಎಲೆ ಮಧ್ಯದ ನರದ ಗುಂಟ ಇರೋದು ಕೊನೆಗೆ ಹೋಯ್ತು. ಆ ಎಲೆ ಹಸಿರು ಮತ್ತೆ ನೋಡಿದಾಗ ಆದ ಖುಷಿ ಹೇಳೋಕಾಗಲ್ಲ.

ವ್ಯಾಲಿಸ್ನೇರಿಯಾ ಎಲೆ ಮಾತ್ರ ಇವಕ್ಕೆ ಆಗಲ್ಲ, ತೆಳ್ಳಗೆ ಅಲ್ಲಾಡತ್ತೆ, ಹುಳದ ಭಾರಕ್ಕೆ ಬಾಗಿ ಬಿದ್ದೋಗತ್ತೆ. ಜಾವಾ ಫರ್ನ್ ತುದಿಲೂ ಅಷ್ಟೇ. ಅಲ್ಲಿ ನಾನೇ ಎರಡು ಬೆರಳ ಮಧ್ಯೆ ಎಲೆ ಹಿಡಿದು ಬುಡದಿಂದ ತುದಿಗೆ ಮೆತ್ತಗೆ ಎಳೀತೀನಿ, ಇನ್ನೊಂದು ಕೈಲಿ ಪೈಪ್ ಹಿಡ್ಕೊಂಡು ಎದ್ದ ಪುಡಿನೆಲ್ಲಾ ಹಾಗೇ ಹೊರಗೆ ಎಳ್ಕೋತೀನಿ. ತೀರಾ ಹಾಳಾದ ಹಳೇ ಎಲೆ ಇದ್ರೆ ಕತ್ತರಿಸಿಬಿಡಿ, ಗಿಡ ಆ ಶಕ್ತಿನ ಹೊಸ ಎಲೆಗೆ ಹಾಕತ್ತೆ. ಜೊತೆಗೆ ಬೇಗ ಬೆಳೆಯೋ ಹಾರ್ನ್‌ವರ್ಟ್ ಒಂದು ಹಿಡಿ ತೇಲಿಬಿಡಿ, ಅದು ನೀರಲ್ಲಿರೋ ನೈಟ್ರೇಟ್ ಎಲ್ಲಾ ಪಾಚಿಗಿಂತ ಮೊದ್ಲೇ ಹೀರ್ಕೊಳತ್ತೆ.

ಈಗ ಆ ಒಂದು ಮಾರ್ಕಿನ ವಿಷಯಕ್ಕೆ ಬರ್ತೀನಿ. ಪೂರ್ತಿ ತುಂಗಾ ನೀರಿಗೆ ಬದಲಾಯಿಸಿ ಒಂದೂವರೆ ತಿಂಗಳಿಗೆ ಎರಡು ಹುಳದ ಚಿಪ್ಪಿನ ತುದಿ ಬೆಳ್ಳಗಾಯ್ತು, ಸುಣ್ಣ ಉದುರಿದ ಗೋಡೆ ತರ, ಗುಳಿ ಬಿದ್ದಿತ್ತು. ಕಾರಣ ನೀರೇ. ಘಟ್ಟದಿಂದ ಇಳಿದು ಬರೋ ನಮ್ಮ ಹೊಳೆ ನೀರು ಬಹಳ ಮೆದು, ಸುಣ್ಣದ ಅಂಶ ಕಡಿಮೆ. ನಮ್ಮನೆ ಮೀಟರಲ್ಲಿ ಅಳೆದ್ರೆ ನಲ್ಲಿ ನೀರಿನ ಟಿಡಿಎಸ್, ಅಂದ್ರೆ ನೀರಲ್ಲಿ ಕರಗಿರೋ ಲವಣಗಳ ಅಳತೆ, 80, ಬೋರ್ ನೀರಿಂದು 450. ಬಸವನಹುಳದ ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್, ಮೆದು ನೀರಲ್ಲಿ, ಪಿಎಚ್ 7ಕ್ಕಿಂತ ಕೆಳಗಿದ್ರೆ, ಅಂದ್ರೆ ನೀರು ಹುಳಿ ಕಡೆಗಿದ್ರೆ, ಅದು ನಿಧಾನಕ್ಕೆ ಕರಗ್ತಾ ಹೋಗತ್ತೆ, ಒಂದ್ಸಲ ಕರಗಿದ ತುದಿ ಮತ್ತೆ ಕಟ್ಟಲ್ಲ. ಪಾಚಿಗೆ ಊಟ ಕಡಿಮೆ ಮಾಡೋ ನೀರೇ ಹುಳದ ಮನೆನ ಕರಗಿಸತ್ತೆ, ಇದನ್ನ ಮಾರೋರು ಯಾರೂ ಹೇಳಲ್ಲ, ನಮ್ಮ ಅಣ್ಣನೂ ಮೊದ್ಲು ಹೇಳಿರ್ಲಿಲ್ಲ.

ಅತ್ತೆ ಎಲೆ ಅಡಿಕೆ ಹಾಕೋ ಸುಣ್ಣನೇ ಚೂರು ಹಾಕಿದ್ರಾಗಲ್ವಾ ಅಂತ ಕೇಳಿದ್ರು, ಒಳ್ಳೆ ಮನಸ್ಸಿಂದ ಕೇಳಿದ್ದು, ಆದ್ರೆ ಯಾರೂ ಹಾಗೆ ಮಾಡಬೇಡಿ. ಅದು ತೀಕ್ಷ್ಣ ಸುಣ್ಣ, ನೀರಿನ ಪಿಎಚ್ ಒಂದೇ ಸಲ ಮೇಲಕ್ಕೆ ಹಾರತ್ತೆ, ಮೀನು ಉಳಿಯಲ್ಲ. ಅದರ ಬದಲು ಪಕ್ಷಿಗೆ ಹಾಕೋ ಕಟಲ್ ಬೋನ್ ಅದೇ ಅಂಗಡಿಲಿ ಸಿಗತ್ತೆ, ಸಮುದ್ರ ನೊರೆ ಅಂತೀವಲ್ಲ ಅದು, ಒಂದು ತುಂಡು ಫಿಲ್ಟರ್ ಒಳಗೆ ಇಟ್ಟೆ, ಬೇಕಾದಷ್ಟೇ ನಿಧಾನಕ್ಕೆ ಕರಗತ್ತೆ. ಆಮೇಲೆ ನೀರು ಬದಲಾಯಿಸುವಾಗ ಮೂರು ಬಕೆಟ್ ನಲ್ಲಿ ನೀರಿಗೆ ಒಂದು ಬಕೆಟ್ ಬೋರ್ ನೀರು ಸೇರಿಸ್ತೀನಿ. ಟಿಡಿಎಸ್ 170 ಆಸುಪಾಸು ನಿಲ್ಲತ್ತೆ, ಹುಳಕ್ಕೆ ಬೇಕಾದ ಗಡಸು ಬೋರಿಂದ ಸಿಗತ್ತೆ, ಸಿಲಿಕಾನೂ ಅತಿಯಾಗಲ್ಲ. ಒಂದು ಮಾತು ನೆನಪಿರಲಿ, ಟಿಡಿಎಸ್ ಮೀಟರ್ ಸಿಲಿಕಾ ತೋರಿಸಲ್ಲ, ಅದು ನೀರಲ್ಲಿ ವಿದ್ಯುತ್ ಹರಿಯೋದನ್ನ ಅಳೆಯೋದು, ಕರಗಿದ ಸಿಲಿಕಾಗೆ ಹೆಚ್ಚುಕಮ್ಮಿ ಆ ಗುಣನೇ ಇಲ್ಲ. ಹಾಗಾಗಿ ಟಿಡಿಎಸ್ ಕಡಿಮೆ ಇದೆ, ಪಾಚಿ ಬರಲ್ಲ ಅಂತ ಲೆಕ್ಕ ಹಾಕೋಹಾಗಿಲ್ಲ. ಮೀಟರ್ ನಾನು ಬಳಸೋದು ಹುಳದ ಸಲುವಾಗಿ ಮಾತ್ರ.

ಹುಳದಿಂದ ಕಮ್ಮಿ ಆಯ್ತಾ, ಟ್ಯಾಂಕ್ ಹಳೇದಾಗಿ ತಾನೇ ಕಮ್ಮಿ ಆಯ್ತಾ ಅಂತ ಯಾರಾದ್ರೂ ಕೇಳಬಹುದು, ಸರಿಯಾದ ಪ್ರಶ್ನೆನೇ. ಡಯಾಟಮ್ ಸಾಮಾನ್ಯವಾಗಿ ಎರಡು ಮೂರು ತಿಂಗಳಲ್ಲಿ ತಾನಾಗೇ ಇಳಿಯತ್ತೆ, ಗಿಡ ಬೆಳೆದು ಫಿಲ್ಟರ್ ಪಕ್ವ ಆದ್ಮೇಲೆ. ಆದ್ರೆ ನಮ್ಮಲ್ಲಿ ಏಪ್ರಿಲ್ ಕೊನೆಲಿ ನಲ್ಲಿ ನೀರು ಸರಿಯಾಗಿ ಬರದೆ ಮೂರು ವಾರ ಮತ್ತೆ ಪೂರ್ತಿ ಬೋರ್ ನೀರೇ ಹಾಕ್ಬೇಕಾಯ್ತು, ಆಗ ಒಂದೇ ವಾರಕ್ಕೆ ಏರ್ ಪೈಪಿನ ಮೇಲೆ, ಹುಳ ಹೋಗದ ಮೂಲೆಲಿ, ಫಿಲ್ಟರ್ ಹಿಂದೆ ಕಂದು ಪದರ ಬಂತು. ಎಲೆ ಮೇಲೆ, ಮುಂದಿನ ಗಾಜಿನ ಮೇಲೆ ಬರ್ಲಿಲ್ಲ. ನೀರು ಪಾಚಿನ ಕರೀತು, ಹುಳ ಹೋದಲ್ಲೆಲ್ಲಾ ಅದನ್ನ ಕೂರೋಕೆ ಬಿಡ್ಲಿಲ್ಲ. ಎರಡರದ್ದೂ ಪಾಲು ಎಷ್ಟೆಷ್ಟು ಅಂತ ನನಗೆ ಆವಾಗ ಕಣ್ಣಾರೆ ಗೊತ್ತಾಯ್ತು.

ಉಳಿದ ಕಿರಿಕಿರಿ ಎರಡಿದೆ. ಒಂದು ಮೊಟ್ಟೆ. ಮರಿ ಆಗಲ್ಲ ಸರಿ, ಆದ್ರೆ ಮರದ ಬೇರಿನ ಮೇಲೆಲ್ಲಾ ಬಿಳಿ ಎಳ್ಳು ಅಂಟಿಸಿದ ಹಾಗೆ ಇಟ್ಟುಬಿಡತ್ತೆ, ಎಳ್ಳುಂಡೆ ತರ ಕಾಣತ್ತೆ ಬೇರು. ಗಾಜಿನ ಮೇಲಿಂದು ಹಳೇ ಎಟಿಎಂ ಕಾರ್ಡಲ್ಲಿ ಕೆರೆದ್ರೆ ಹೋಗತ್ತೆ, ಬೇರಿನ ಮೇಲಿಂದು ಜಪ್ಪಯ್ಯ ಅಂದ್ರೂ ಬರಲ್ಲ. ಇನ್ನೊಂದು, ಹೊರಗೆ ಹತ್ತಿ ಹೋಗೋದು. ನಮ್ಮ ಆರನೇದು ಹೋಗಿದ್ದು ಹಾಗೇ, ಮುಚ್ಚಳದಲ್ಲಿ ಫಿಲ್ಟರ್ ಪೈಪಿಗೆ ಬಿಟ್ಟ ಸಂದಿಲಿ ರಾತ್ರಿ ಆಚೆ ಬಂದು ಸ್ಟ್ಯಾಂಡ್ ಹಿಂದೆ ಬಿದ್ದಿತ್ತು, ಎರಡು ದಿನ ಆದ್ಮೇಲೆ ಕಸ ಗುಡಿಸುವಾಗ ಸಿಕ್ತು, ಅಷ್ಟೊತ್ತಿಗೆ ಒಣಗಿತ್ತು. ಈಗ ಆ ಸಂದಿಗೆ ಸ್ಪಂಜು ತುರುಕಿದೀವಿ. ಟ್ಯಾಂಕ್ ಒಳಗೇ ಮಗುಚಿ ಬಿದ್ರೂ ಎಷ್ಟೋ ಸಲ ತಾನಾಗಿ ಏಳೋಕಾಗಲ್ಲ, ಬೆಳಿಗ್ಗೆ ಮೀನಿಗೆ ಊಟ ಹಾಕುವಾಗ ಒಂದು ಸಲ ಎಣಿಸಿ, ಮಗುಚಿದ್ರೆ ನೆಟ್ಟಗೆ ಮಾಡಿ. ಈ ಎಣಿಸೋ ಕೆಲಸ ನಮ್ಮ ಮಗಂದು, ಒಂದು ದಿನಾನೂ ತಪ್ಪಿಸಿಲ್ಲ.

ಸಾಗರದಲ್ಲಿರೋ ನನ್ನ ತಮ್ಮ ಇದಕ್ಕೇ ಅಂತ ಓಟೋಸಿಂಕ್ಲಸ್ ಮೀನು ತರಿಸಿದ್ದ, ಅದೂ ಡಯಾಟಮ್ ಚೆನ್ನಾಗಿ ತಿನ್ನತ್ತೆ, ವ್ಯಾಲಿಸ್ನೇರಿಯಾ ಎಲೆ ಮೇಲೂ ಕೂರತ್ತೆ. ಆದ್ರೆ ಬಹಳ ನಾಜೂಕು, ಗುಂಪಲ್ಲಿ ಇರ್ಬೇಕು, ಹೊಸ ಟ್ಯಾಂಕಿಗೆ ಆಗಲ್ಲ, ಪಾಚಿ ಮುಗಿದ್ಮೇಲೆ ಹಸಿವಿಗೆ ಸಾಯತ್ತೆ. ಅವನ ಐದರಲ್ಲಿ ಒಂದೂ ಉಳೀಲಿಲ್ಲ. ನೆರೈಟ್‌ಗೂ ಹಸಿವು ಇದೆ, ನಾನು ವಾರಕ್ಕೊಂದ್ಸಲ ಬೇಯಿಸಿದ ಸೌತೆಕಾಯಿ ತೆಳ್ಳಗೆ ಒಂದು ಬಿಲ್ಲೆ ಸಂಜೆ ಹಾಕಿ ಬೆಳಿಗ್ಗೆ ತೆಗೀತೀನಿ, ಮುಟ್ಟೋದು ಕಡಿಮೆ, ಹಿಂದಿನ ಗಾಜಿನ ಪಾಚಿನೇ ಇಷ್ಟ. ಅದಕ್ಕೇ ಹಿಂದಿನ ಗಾಜು ನಾನು ಒರೆಸೋದೇ ಬಿಟ್ಟಿದೀನಿ, ಅದು ಅವುಗಳ ಪಾಲು.

ತಗೊಳ್ಳುವಾಗ ಅಂಗಡಿಲಿ ಗಾಜಿಗೆ ಅಂಟಿ ಕೂತಿರೋದನ್ನೇ ಆರಿಸಿ, ಮರಳ ಮೇಲೆ ಸುಮ್ನೆ ಬಿದ್ದಿರೋದು ಬೇಡ. ಕೈಗೆತ್ತಿ ಮೂಸಿ, ವಾಸನೆ ಬಂದ್ರೆ ಸತ್ತಿದೆ. ಚಿಪ್ಪಿನ ತುದಿ ಬೆಳ್ಳಗೆ ಗುಳಿ ಬಿದ್ದಿದ್ರೆ ಅಂಗಡಿ ನೀರೇ ಸರಿ ಇಲ್ಲ ಅಂತ ಲೆಕ್ಕ. ತಂದ ತಕ್ಷಣ ಸುರೀಬೇಡಿ, ನಿಮ್ಮ ಟ್ಯಾಂಕಿನ ನೀರನ್ನ ಸ್ವಲ್ಪ ಸ್ವಲ್ಪವಾಗಿ ಒಂದು ಗಂಟೆ ಸೇರಿಸ್ತಾ ಬಂದು ಆಮೇಲೆ ಬಿಡಿ.

ಮಳೆ ಜೋರಾದ್ಮೇಲೆ ಕರೆಂಟ್ ಹೋಗೋದು ಜಾಸ್ತಿಯಾಗಿದೆ, ಲೈಟ್ ಏಳು ಗಂಟೆ ಬದಲು ಕೆಲವು ದಿನ ಮೂರೋ ನಾಲ್ಕೋ ಗಂಟೆ ಮಾತ್ರ, ಆದ್ರೂ ಅನುಬಿಯಾಸ್ ಹೊಸ ಎಲೆ ಬಿಟ್ಟಿದೆ, ಇನ್ನೂ ಸುರುಳಿ ಬಿಚ್ಚಿಲ್ಲ, ತಿಳಿ ಹಸಿರು. ಪಟ್ಟೆ ಹುಳ ಒಂದು ನಿನ್ನೆ ರಾತ್ರಿಯಿಂದ ಅದರ ಬುಡದಲ್ಲೇ ಕೂತಿದೆ.